ಮೇಜಿನ ಮೇಲೆ ನೇತ್ರಾವತಿ

ಸಿಪ್ರಿಯನ್ ಪೊರ್ಬುಗಳ ಜೊತೆ ಹೋಟೆಲಿಗೆ ಹೋದರೆ ಮೊದಲು ಮೇಜಿನ ಮೇಲೆ ನೇತ್ರಾವತಿ ಹರಿಯಬೇಕು, ತಿಂಡಿ ಏನಿದ್ದರೂ ಆಮೇಲೆ. ನೀರಿನ ಲೋಟದಲ್ಲಿ ತೋರುಬೆರಳು ಅದ್ದಿ, ಸಾಂಬಾರಿನ ಬಟ್ಟಲು ಇರುವ ಮೂಲೆಯಿಂದ ಗೆರೆ ಎಳೆಯಲು ಸುರು ಮಾಡುತ್ತಿದ್ದರು. ಸಾಂಬಾರಿನ ಬಟ್ಟಲು ಅಂದರೆ ಘಟ್ಟ. ಗೆರೆ ಅಲ್ಲಿಂದ ಸೊಟ್ಟಪಟ್ಟ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಸಿಕೊಂಡು, ಬಂಟ್ವಾಳ, ಪಾಣೆಮಂಗಳೂರು ದಾಟಿ, ನನ್ನ ತಟ್ಟೆಯ ಅಂಚು ಸವರಿ, ಟಿಶ್ಯೂ ಡಬ್ಬದ ಹತ್ತಿರ ಕಡಲು ಸೇರುತ್ತಿತ್ತು. ಕಡಲಿಗೆ ಒಂದು ಗೇಣು ಹಿಂದೆ ಗೆರೆಯನ್ನು ಎರಡಾಗಿ ಸೀಳಿ, ಮತ್ತೆ ಒಂದು ಮಾಡಿ, ಆ ನಡುವಿನ ಜಾಗದಲ್ಲಿ ತಮ್ಮ ಸ್ಟೀಲ್ ಲೋಟವನ್ನು ಟಪ್ಪೆಂದು ಇಡುತ್ತಿದ್ದರು.

"ಇದು ತಾರೆಕುದ್ರು. ನಮ್ಮ ಊರು."

ಕುದ್ರು ಅಂದರೆ ನಮ್ಮ ಕರಾವಳಿಯಲ್ಲಿ ಹೊಳೆಯ ನಡುವಿನ ನಡುಗಡ್ಡೆ. ನಾನು ಅರಿಯದೆ ತಟ್ಟೆಯನ್ನು ಸ್ವಲ್ಪ ಮುಂದೆ ಸರಿಸಿದರೆ ಅವರಿಗೆ ಜೀವವೇ ಹೋದಂತಾಗುತ್ತಿತ್ತು. "ಬಂಟ್ವಾಳದ ಮೇಲೆ ಇಡ್ಲಿ ಇಟ್ಟಿದ್ದೀಯಲ್ಲ ಮಾರಾಯ್ತಿ! ತೆಗಿ, ತೆಗಿ. ನೀರು ಎಲ್ಲಿಂದ ಹೋಗ್ಬೇಕು?" ವೇಟರ್ ಒರೆಸುವ ಬಟ್ಟೆ ಹಿಡಿದು ಬಂದರೆ ಕೈ ಅಡ್ಡ ಇಡುತ್ತಿದ್ದರು. "ಮಾಫಿ, ಮಾಫಿ. ಹೊಳೆ ಒರೆಸ್ಬೇಡ." ಮಾಫಿ ಅಂದರೆ ಅರಬಿಯಲ್ಲಿ ಇಲ್ಲ ಎಂದು. ದುಬೈಯ ಕರಾಮದ ಆ ಹೋಟೆಲಿನ ವೇಟರುಗಳಿಗೆಲ್ಲ ಅಭ್ಯಾಸವಾಗಿ, ಪೊರ್ಬುಗಳು ಎದ್ದು ಹೋಗುವವರೆಗೆ ಆ ಮೇಜನ್ನು ಯಾರೂ ಮುಟ್ಟುತ್ತಿರಲಿಲ್ಲ.

ಪೊರ್ಬುಗಳು ತೀರಿಕೊಂಡ ವಾರ ನಮ್ಮ ಸಂಘದ ಅಧ್ಯಕ್ಷರು ಫೋನ್ ಮಾಡಿದರು. "ವಾರಿಜಕ್ಕ, ಒಂದು ನುಡಿನಮನ ಬೇಕಿತ್ತು. ಎರಡು ಪ್ಯಾರಾ ಸಾಕು. ನಿಮಗೆ ಹೇಳ್ಬೇಕಾ, ಚೆಂದ ಮಾಡಿ ಬರೀತೀರಿ." ನಾನು ಚೆಂದ ಮಾಡಿ ಬರೆದದ್ದರಿಂದ ಏನಾಯಿತು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕೇಳಿದರು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಎರಡು ಪ್ಯಾರಾಕ್ಕೆ ಮುಗಿಯುವುದಿಲ್ಲ, ಚೆಂದವೂ ಇರುವುದಿಲ್ಲ.

ನಾನು ಕರಾಮದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಮನೆ ಅಲ್ ನಹ್ದಾದಲ್ಲಿ. ಎರಡು ಸಾವಿರದ ಹನ್ನೊಂದರಲ್ಲಿ ಒಂದು ದಿನ ಗಿಡ್ಡ, ಗಟ್ಟಿ ಮೈಯ, ಬಿಳಿ ಮೀಸೆಯ ಒಬ್ಬರು ದವಡೆಗೆ ಕೈ ಒತ್ತಿಕೊಂಡು ಬಂದರು. ಅವರಿಂದ ಕ್ಲೋರಿನ್ ವಾಸನೆ ಬರುತ್ತಿತ್ತು. ಫಾರಂ ಕೊಟ್ಟೆ. ಊರಿನ ವಿಳಾಸ ಬರೆಯುವ ಜಾಗದಲ್ಲಿ ಕನ್ನಡದಲ್ಲಿ "ಹೊಳೆಯ ಮಧ್ಯೆ" ಎಂದು ಬರೆದು ವಾಪಸು ಕೊಟ್ಟರು. ಹಲ್ಲುನೋವಿನಲ್ಲೂ ತಮಾಷೆ ಮಾಡುತ್ತಾರಲ್ಲ ಅಂದುಕೊಂಡು, "ಸರಿಯಾಗಿ ಬರೀರಿ ಪೊರ್ಬುಗಳೇ" ಅಂದೆ. ತುಳು ಮಾತಾಡುವ ನಾವು ನಮ್ಮೂರ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ದುಬೈಯಲ್ಲಿ ಆ ಶಬ್ದ ಕೇಳಿ ಅವರಿಗೆ ನೋವು ಅರ್ಧ ಇಳಿಯಿತು.

"ಸರಿಯಾಗಿಯೇ ಬರ್ದಿದ್ದೇನೆ ಬಾಯೆ. ಪೋಸ್ಟ್‌ಮ್ಯಾನ್ ದಡದಲ್ಲಿ ನಿಂತು ಕೂ ಹಾಕ್ತಾನೆ, ನಾವು ದೋಣಿಯಲ್ಲಿ ಹೋಗಿ ಕಾಗದ ತರ್ತೇವೆ. ಅದಕ್ಕೆ ಬೇರೆ ಎಂತ ವಿಳಾಸ?"

ಬಾಯೆ ಎಂದರೆ ಕೊಂಕಣಿಯಲ್ಲಿ ಮಗಳೇ ಎಂದ ಹಾಗೆ. ಅಂದಿನಿಂದ ನಾನು ಬಾಯೆಯೇ ಆದೆ. ಶುಕ್ರವಾರ ಇಲ್ಲಿ ರಜೆಯಾದ್ದರಿಂದ ಕ್ರೈಸ್ತರೂ ವಾರದ ಪೂಜೆಯನ್ನು ಶುಕ್ರವಾರವೇ ಮುಗಿಸುತ್ತಾರೆ. ಪೊರ್ಬುಗಳು ಇಗರ್ಜಿಯಿಂದ ನೇರ ಕರಾಮಕ್ಕೆ ಬರುತ್ತಿದ್ದರು. ನನ್ನ ಗಂಡ ಮಕ್ಕಳೊಂದಿಗೆ ನಾನೂ ಹೋಗುತ್ತಿದ್ದೆ. "ಈ ದೇಶದಲ್ಲಿ ಎಲ್ಲ ಸರಿ ಉಂಟು. ಆದಿತ್ಯವಾರ ಮಾತ್ರ ಇಲ್ಲ" ಎಂದು ಪ್ರತಿ ಸಲ ಗೊಣಗುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ, "ದೋಣಿ ಹತ್ತಿ ಗಂಡನ ಮನೆಗೆ ಬರುವ ಧೈರ್ಯದ ಹುಡುಗಿ ಸಿಗ್ಲಿಲ್ಲ" ಅನ್ನುತ್ತಿದ್ದರು. ಕುದ್ರುವಿನ ಮನೆಯಲ್ಲಿ ಅಣ್ಣ ಮತ್ತು ಅಣ್ಣನ ಸಂಸಾರ ಇತ್ತು.

ಅವರು ಹೇಳುತ್ತಿದ್ದ ಹೊಳೆ ನನಗೆ ಗೊತ್ತಿರಲಿಲ್ಲ. ಅದೇ ಜಿಲ್ಲೆಯಲ್ಲಿ ಹುಟ್ಟಿ, ಬಸ್ಸಿನ ಕಿಟಕಿಯಿಂದ ಸೇತುವೆ ದಾಟುವಾಗ ನೋಡಿ, ನೇತ್ರಾವತಿ ಎಂದರೆ ಅಷ್ಟೇ ಅಂದುಕೊಂಡಿದ್ದವಳು ನಾನು. ಅವರ ತಂದೆ ಹಂಚಿನ ಕಾರ್ಖಾನೆಗಳಿಗೆ ಆವೆಮಣ್ಣು ಸಾಗಿಸುವ ದೋಣಿಯನ್ನು ಬಿದಿರಿನ ಜಲ್ಲೆ ಊರಿ ನಡೆಸುತ್ತಿದ್ದವರು. "ನಿನ್ನ ಅಜ್ಜನ ಮನೆಯ ಮಾಡಿಗೆ ಹಾಕಿದ ಹಂಚು ಉಂಟಲ್ಲ, ಅದು ನನ್ನ ಅಪ್ಪ ತಂದ ಮಣ್ಣು" ಎಂದು ನನ್ನ ಮೇಲೆ ಹಕ್ಕು ಸ್ಥಾಪಿಸುತ್ತಿದ್ದರು. ತಾಯಿ ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುತ್ತಿದ್ದರು. ಚಿಪ್ಪಿನೊಳಗಿನ ಆ ಮಾಂಸಕ್ಕೆ ಕುದ್ರುವಿನಲ್ಲಿ ಹಬ್ಬದ ಮರ್ಯಾದೆ. ಕಾಲಿನಲ್ಲಿ ಮೆಟ್ಟಿದ್ದು ಕಲ್ಲೋ ಮರುವಾಯಿಯೋ ಎಂದು ತಾಯಿಯ ಹಿಮ್ಮಡಿಗೆ ಗೊತ್ತಾಗುತ್ತಿತ್ತಂತೆ.

"ನಮ್ಮದು ವರ್ಷಕ್ಕೆ ಎರಡು ಹೊಳೆ ಬಾಯೆ. ಜೂನ್‌ನಲ್ಲಿ ಕೆಂಪು ನೀರು ಬಂತು ಅಂದ್ರೆ ಉಪ್ಪು ನೀರು ಗಂಟುಮೂಟೆ ಕಟ್ಟಿ ಕಡಲಿಗೆ ಹೋಗ್ತದೆ. ಕ್ರಿಸ್ಮಸ್ ಆದ ಮೇಲೆ ಮೆಲ್ಲ ಪುನಃ ಬರ್ತದೆ. ಆದ್ರೆ ನಮ್ಮ ಬಾವಿ ಮಾತ್ರ ಹನ್ನೆರಡು ತಿಂಗಳೂ ಸಿಹಿ. ನಾಲ್ಕೂ ದಿಕ್ಕಿಗೆ ಉಪ್ಪು, ನಡುವಲ್ಲಿ ಸಿಹಿ ಬಾವಿ. ನಮ್ಮ ಅಡಿಯಲ್ಲಿ ಇರುವ ಮರಳೇ ಅದನ್ನು ಕಾಯ್ತದೆ."

ಮರಳಿನ ಮಾತು ಬಂದಾಗ ಸ್ವರ ಬದಲಾಗುತ್ತಿತ್ತು. ತಮ್ಮದೇನೂ ತಪ್ಪಿಲ್ಲ ಎಂದು ಅವರು ಯಾವತ್ತೂ ಹೇಳಲಿಲ್ಲ. ಗಲ್ಫಿಗೆ ಬರುವ ಮೊದಲು ಐದು ವರ್ಷ ಅವರೂ ಹೊಳೆಯಲ್ಲಿ ಮುಳುಗಿ ಮರಳು ತೆಗೆದವರೇ. "ಉಸಿರು ಹಿಡಿದು ಬುಟ್ಟಿಯಲ್ಲಿ ಎಷ್ಟು ತೆಗಿಲಿಕ್ಕೆ ಆಗ್ತದೆ? ನಾವು ತೆಗ್ದದ್ದನ್ನು ಹೊಳೆ ಮಳೆಗಾಲದಲ್ಲಿ ತಂದು ತುಂಬಿಸ್ತಿತ್ತು. ಈಗ ಯಂತ್ರ ಹಾಕಿ ಎಳೀತಾರೆ. ಯಂತ್ರಕ್ಕೆ ಉಸಿರು ಕಟ್ಟುದಿಲ್ಲ ಅಲ್ವಾ." ಕುದ್ರುವಿನ ಬುಡದ ಮರಳು ಹೋದರೆ ದಡ ಜರಿಯುತ್ತದೆ, ದಡದ ತೆಂಗು ಬೀಳುತ್ತದೆ, ಕೊನೆಗೆ ಉಪ್ಪು ಬಾವಿಗೆ ಬರುತ್ತದೆ. ಇಷ್ಟು ತಿಳಿಯಲು ಯಾವ ತಜ್ಞರ ವರದಿಯೂ ಬೇಡ. ಆದರೂ ನಮ್ಮ ಜಿಲ್ಲೆಯಲ್ಲಿ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಅಥವಾ ತಿಳಿದವರೆಲ್ಲ ಹೊಸ ಮನೆ ಕಟ್ಟಿಸುತ್ತಿದ್ದರು. ಅವರಲ್ಲಿ ನಾನೂ ಒಬ್ಬಳು. ಬಜಪೆಯ ಹತ್ತಿರ ನಮ್ಮ ಮನೆ ಏಳುತ್ತಿದ್ದದ್ದು ಆ ವರ್ಷಗಳಲ್ಲೇ, ಮರಳು ಎಲ್ಲಿಂದ ಬಂತೆಂದು ನಾನು ಕೇಳಿದವಳಲ್ಲ.

ಅವರ ಕೆಲಸವೂ ಒಂದು ಹೊಳೆಯದೇ. ಕಡಲ ಬದಿಯ ದೊಡ್ಡ ಹೋಟೆಲೊಂದರಲ್ಲಿ ಅತಿಥಿಗಳು ಟ್ಯೂಬಿನ ಮೇಲೆ ಮಲಗಿ ತೇಲಲಿಕ್ಕೆ ಸಿಮೆಂಟಿನ ಹೊಳೆ ಕಟ್ಟಿದ್ದರು. ಅದರ ನೀರು, ಪಂಪು, ಮದ್ದು ಎಲ್ಲ ಪೊರ್ಬುಗಳ ಉಸ್ತುವಾರಿ. ಇಂಗ್ಲಿಷಿನಲ್ಲಿ ಅದಕ್ಕೆ ಲೇಝಿ ರಿವರ್ ಎನ್ನುತ್ತಾರೆ, ಇವರು ಸೋಮಾರಿ ಹೊಳೆ ಎನ್ನುತ್ತಿದ್ದರು. "ಅದಕ್ಕೆ ಘಟ್ಟವೂ ಇಲ್ಲ, ಕಡಲು ಸೇರುವ ಅಳಿವೆಯೂ ಇಲ್ಲ. ತನ್ನ ಬಾಲ ಹಿಡಿಲಿಕ್ಕೆ ಸುತ್ತುವ ನಾಯಿಯ ಹಾಗೆ." ಬೈಯುತ್ತಿದ್ದರೂ ಕೆಲಸದಲ್ಲಿ ಕಟ್ಟುನಿಟ್ಟು. ದಿನಕ್ಕೆ ಮೂರು ಸಲ ನೀರು ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆಯುತ್ತಿದ್ದರು.

ಎರಡು ಸಾವಿರದ ಹದಿಮೂರರಲ್ಲಿ ನಮ್ಮ ಕ್ಲಿನಿಕ್ಕಿನವರೆಲ್ಲ ಮಧ್ಯಾಹ್ನದ ಊಟಕ್ಕೆ ಆ ಹೋಟೆಲಿಗೇ ಹೋಗಿದ್ದೆವು. ಊಟ ಮುಗಿಸಿ ಹೊರಗೆ ಬಂದಾಗ ಗದ್ದಲ. ಒಬ್ಬ ಹೆಂಗಸಿನ ಉಂಗುರ ನೀರಿಗೆ ಬಿದ್ದಿತ್ತು. ಮ್ಯಾನೇಜರ್ ವಾಕಿಟಾಕಿಯಲ್ಲಿ ಏನೋ ಹೇಳಿದ. ಐದು ನಿಮಿಷ ಆಗಿರಲಿಲ್ಲ, ಹೊಳೆ ನಿಂತಿತು. ನೀರು ಅಲುಗಾಡದೆ ನಿಂತಿತು, ಅತಿಥಿಗಳನ್ನೆಲ್ಲ ಮೇಲೆ ಹತ್ತಿಸಿದರು, ಬಣ್ಣಬಣ್ಣದ ಟ್ಯೂಬುಗಳು ಇದ್ದಲ್ಲೇ ಉಳಿದವು. ಪೊರ್ಬುಗಳು ಯೂನಿಫಾರಂ ಪ್ಯಾಂಟಿನ ಕಾಲು ಮಡಚಿ ನೀರಿಗೆ ಇಳಿದರು. ಬಗ್ಗಿ ನೋಡಲಿಲ್ಲ. ಬರಿಗಾಲಿನಲ್ಲಿ ತಡವುತ್ತ ಮೆಲ್ಲ ನಡೆದರು, ತಾಯಿ ಮರುವಾಯಿ ಹುಡುಕುತ್ತಿದ್ದ ಹಾಗೆ. ಎರಡನೇ ತಿರುವಿನಲ್ಲಿ ನಿಂತು, ಕಾಲ್ಬೆರಳ ಸಂದಿನಲ್ಲಿ ಉಂಗುರ ಎತ್ತಿ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಹತ್ತಿರ ಹೋಗಿ ಹೊಗಳಿದೆ. ಅವರ ಮುಖ ಕೆಂಪಾಗಿತ್ತು.

"ಒಂದು ಉಂಗುರಕ್ಕೆ ಹೊಳೆ ನಿಲ್ಲಿಸ್ತಾರೆ, ನೋಡಿದಿಯಾ? ಅಲ್ಲಿ ಒಂದು ಊರೇ ಹೊಳೆಗೆ ಬೀಳ್ತಾ ಉಂಟು. ಒಂದು ಬೋಟು ನಿಲ್ಲಿಸುವ ಗಂಡಸು ಇಲ್ಲ."

ಆ ವರ್ಷದ ಕೊನೆಗೆ ಮೇಜಿನ ಮೇಲೆ ಸ್ಟೀಲ್ ಲೋಟದ ಬದಲು ಚಟ್ನಿಯ ಬಟ್ಟಲು ಬಂತು. ನಾನು ಗಮನಿಸಿದೆ, ಕೇಳಲಿಲ್ಲ. ಅವರೇ ಹೇಳಿದರು. "ಪಡುಬದಿಯ ಹನ್ನೊಂದು ತೆಂಗು ಖಲಾಸ್. ದೋಣಿ ಕಟ್ಟುವ ಮೆಟ್ಟಿಲು ಖಲಾಸ್." ಮರುವರ್ಷ ಉಪ್ಪಿನ ಡಬ್ಬಿ. ಕುದ್ರುವಿನಲ್ಲಿದ್ದ ಹದಿನಾಲ್ಕು ಮನೆಗಳಲ್ಲಿ ಒಂಬತ್ತು ಮನೆಯವರು ದಡಕ್ಕೆ ಹೋಗಿಯಾಗಿತ್ತು.

ಈಗ ನನ್ನ ಪಾಲಿನದನ್ನು ಹೇಳಬೇಕು.

ಇಲ್ಲಿಯ ನಮ್ಮ ಸಂಘಗಳಿಗೆ ಸನ್ಮಾನದ ಹುಚ್ಚು. ವಾರ್ಷಿಕೋತ್ಸವ ಅಂದರೆ ಊರಿನಿಂದ ಒಬ್ಬ ದೊಡ್ಡ ಮನುಷ್ಯನನ್ನು ವಿಮಾನ ಹತ್ತಿಸಿ ತರಬೇಕು, ಶಾಲು ಹೊದಿಸಬೇಕು, ಪೇಟ ತೊಡಿಸಬೇಕು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು, ಗಾಜಿನ ಚೌಕಟ್ಟು ಹಾಕಿದ ಸನ್ಮಾನ ಪತ್ರವನ್ನು ಓದಬೇಕು. ಹತ್ತು ವರ್ಷ ಆ ಪತ್ರ ಬರೆಯುತ್ತಿದ್ದವಳು, ವೇದಿಕೆಯಲ್ಲಿ ಓದುತ್ತಿದ್ದವಳು ನಾನೇ. ನನ್ನ ಸ್ವರ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ನಂಬಿದ್ದೆ. ಅಧ್ಯಕ್ಷರು ಒಂದು ಹಾಳೆ ವಿವರ ಕೊಟ್ಟರೆ ನಾನು ಅದಕ್ಕೆ ಕೊಡುಗೈ ದಾನಿ, ಸರಳ ಸಜ್ಜನ, ಧೀಮಂತ ಎಂದೆಲ್ಲ ಸೇರಿಸಿ ಮೂರು ಹಾಳೆ ಮಾಡುತ್ತಿದ್ದೆ. ಯಾರಾದರೇನು, ಹೆಸರು ಬದಲಿಸಿದರೆ ಸಾಕು.

ಎರಡು ಸಾವಿರದ ಹದಿನೈದರಲ್ಲಿ ಬಂದ ಹಾಳೆಯಲ್ಲಿ ಒಬ್ಬ ಮರಳಿನ ಧಣಿಯ ವಿವರ ಇತ್ತು. ತಾರೆಕುದ್ರುವಿನ ಹೆಸರೂ ಇತ್ತು. ನಾನು ನೋಡಲಿಲ್ಲ ಎಂದು ಸುಳ್ಳು ಹೇಳಲಾರೆ. ನೋಡಿದೆ, ಪೆನ್ನು ನಿಂತಿತು. ಅಧ್ಯಕ್ಷರಿಗೆ ಫೋನ್ ಮಾಡಿ, "ಇವರೇ ಅಲ್ವಾ ಕುದ್ರು ತಿಂದವರು?" ಎಂದು ಕೇಳಿದೆ. "ಅಯ್ಯೋ ವಾರಿಜಕ್ಕ, ಆಮಂತ್ರಣ ಪ್ರಿಂಟ್ ಆಗಿದೆ. ಸನ್ಮಾನ ಪತ್ರ ಯಾರು ಕೇಳ್ತಾರೆ? ಎಲ್ಲರ ಕಣ್ಣು ಊಟದ ಮೇಲೆ" ಅಂದರು. ಹೌದಲ್ಲ ಅನ್ನಿಸಿತು. ಹಾಗನ್ನಿಸಿದ ನನ್ನ ಮೇಲೆ ಇವತ್ತಿಗೂ ನನಗೆ ಸಿಟ್ಟು. ಬರೆದೆ. "ನೇತ್ರಾವತಿಯ ಒಡಲನ್ನೇ ಕರ್ಮಭೂಮಿಯಾಗಿಸಿಕೊಂಡು, ತಾರೆಕುದ್ರುವಿನ ಆಸುಪಾಸಿನಲ್ಲಿ ಇಪ್ಪತ್ತೆರಡು ದೋಣಿಗಳನ್ನು ಹಗಲಿರುಳೂ ಮುನ್ನಡೆಸಿ, ಸಾವಿರಾರು ಮನೆಗಳಿಗೆ ಅಡಿಪಾಯವಾದ ಧೀಮಂತರೇ" ಎಂದು ಬರೆದೆ. ಲಯ ಚೆನ್ನಾಗಿ ಕೂತಿತೆಂದು ಎರಡು ಸಲ ಗಟ್ಟಿಯಾಗಿ ಓದಿಯೂ ನೋಡಿದೆ.

ಕಾರ್ಯಕ್ರಮದ ದಿನ ಶಾಲೆಯ ಸಭಾಂಗಣ ತುಂಬಿತ್ತು. ಪೊರ್ಬುಗಳು ಬರುವುದಿಲ್ಲ ಅಂದುಕೊಂಡಿದ್ದೆ, ನನ್ನ ಗಂಡ ಅವರಿಗೆ ಪಾಸು ಕೊಟ್ಟಿದ್ದರು. ಮೂರನೇ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದವರನ್ನು ನಾನು ನೋಡಿದ್ದು ಪತ್ರದ ಎರಡನೇ ಸಾಲಿಗೆ ಬಂದಾಗ. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ತಾರೆಕುದ್ರು ಎಂಬ ಹೆಸರನ್ನು ನನ್ನ ಒಳ್ಳೆಯ ಸ್ವರದಲ್ಲಿ, ಎಲ್ಲಿ ಏರಿಸಬೇಕೋ ಅಲ್ಲಿ ಏರಿಸಿ ಓದಿದೆ. ಚಪ್ಪಾಳೆ ಬಿತ್ತು.

ಸನ್ಮಾನ ಮುಗಿದ ಮೇಲೆ ಧಣಿಯ ಕೈಕುಲುಕಲು ಜನ ಸಾಲು ನಿಂತರು. ಪೊರ್ಬುಗಳೂ ಸಾಲಿನಲ್ಲಿ ನಿಂತರು. ಸರದಿ ಬಂದಾಗ ಧಣಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಸ್ವರ ಎತ್ತರಿಸದೆ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ.

"ಧಣಿಗಳೇ, ನಾನು ತಾರೆಕುದ್ರುವಿನ ಸಿಪ್ರಿಯನ್. ನಿಮ್ಮ ಬೋಟು ನಮ್ಮ ಬಾವಿಯ ಹತ್ತಿರ ಬಂದಿದೆ. ಬಾವಿಗೆ ಉಪ್ಪು ಬಂತು. ಸ್ವಲ್ಪ ದೂರ ತೆಗೀಲಿಕ್ಕೆ ಹೇಳಿ."

ಧಣಿ ಕೇಳಿಸಿಕೊಂಡರು. ಕೇಳಿಸಿಕೊಂಡು ನಕ್ಕರು. ನಗುತ್ತಲೇ ಪೊರ್ಬುಗಳ ಹೆಗಲಿಗೆ ಕೈ ಹಾಕಿ ಕ್ಯಾಮೆರಾದ ಕಡೆ ತಿರುಗಿಸಿದರು. ಫ್ಲಾಶ್ ಬಿತ್ತು. ಆ ಫೋಟೋ ಸಂಘದ ಪತ್ರಿಕೆಯಲ್ಲಿ ಬಂತು, ಕೆಳಗೆ "ಅಭಿಮಾನಿಯೊಂದಿಗೆ" ಎಂಬ ಸಾಲು. ಆ ಸಾಲು ನಾನು ಬರೆದದ್ದಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಪೊರ್ಬುಗಳು ನಾಲ್ಕು ತಿಂಗಳು ಕರಾಮಕ್ಕೆ ಬರಲಿಲ್ಲ. ನನ್ನ ಫೋನ್ ಎತ್ತಲಿಲ್ಲ. ಐದನೇ ತಿಂಗಳು ಕ್ಲಿನಿಕ್ಕಿಗೆ ಬಂದು, ಹಲ್ಲುನೋವಿನವರ ಸಾಲಿನಲ್ಲಿ ಕೂತರು. ಕರೆದು ಕೇಳಿದೆ.

"ಹಲ್ಲು ಸರಿ ಉಂಟು. ನೀನು ಆ ದಿವಸ ಓದಿದ ಕಾಗದದ ಕಾಪಿ ಬೇಕು."

ಯಾಕೆಂದು ಅವರೇ ವಿವರಿಸಿದರು. ಅಣ್ಣ ಊರಿನಲ್ಲಿ ಮರಳಿನ ಪರವಾನಿಗೆ ಕೊಡುವ ಕಚೇರಿಗೆ ದೂರು ಕೊಟ್ಟಿದ್ದರು. ಕುದ್ರುವಿನ ಹತ್ತಿರ ತಮ್ಮ ಒಂದು ದೋಣಿಯೂ ಇಲ್ಲ ಎಂದು ಧಣಿ ಬರೆದುಕೊಟ್ಟಿದ್ದರಂತೆ. "ನಿನ್ನ ಕಾಗದದಲ್ಲಿ ಇಪ್ಪತ್ತೆರಡು ಉಂಟಲ್ಲ ಬಾಯೆ. ಅವರ ಎದುರೇ ಓದಿದ್ದಿ. ಅವರು ತಲೆ ಬಾಗಿಸಿ ತಗೊಂಡಿದ್ದಾರೆ. ಅಷ್ಟು ಜನ ಸಾಕ್ಷಿ."

ನನಗೆ ಹೋದ ಜೀವ ಬಂದಂತಾಯಿತು. ನನ್ನ ಪಾಪ ಒಂದು ಉಪಯೋಗಕ್ಕೆ ಬರುತ್ತದೆ ಎಂದುಕೊಂಡೆ. ಪತ್ರದ ಪ್ರತಿ ತೆಗೆದು, ಬರೆದವಳು ನಾನೇ ಎಂದು ಕೆಳಗೆ ಸಹಿ ಹಾಕಿ, ಧಣಿ ಅದನ್ನು ತೆಗೆದುಕೊಳ್ಳುವ ಫೋಟೋವನ್ನೂ ಸೇರಿಸಿ ಕೊಟ್ಟೆ. ಪೊರ್ಬುಗಳು ರಜೆ ಹಾಕಿ ಊರಿಗೆ ಹೋದರು. ಹದಿನೈದು ದಿನ ಬಿಟ್ಟು ಬಂದು, ಕರಾಮದ ಅದೇ ಮೇಜಿನಲ್ಲಿ ಕೂತು ಆ ಕಾಗದವನ್ನು ನನಗೇ ವಾಪಸು ಕೊಟ್ಟರು.

"ಆಫೀಸರ್ ಪೂರ್ತಿ ಓದಿದ. ಆಮೇಲೆ ಹೇಳಿದ, ಇದು ಸನ್ಮಾನ ಪತ್ರ ಅಲ್ವಾ ಮಾರಾಯ್ರೆ, ಇದರಲ್ಲಿ ಇದ್ದದ್ದನ್ನೆಲ್ಲ ನಿಜ ಅಂತ ಹಿಡ್ಕೊಂಡ್ರೆ ಆಗ್ತದಾ? ಕಳೆದ ವರ್ಷ ನನಗೂ ಒಂದು ಕೊಟ್ಟಿದ್ದಾರೆ, ನಾನು ಆದರ್ಶ ಪುರುಷ ಅಂತೆ."

ಪೊರ್ಬುಗಳು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಆ ಅಧಿಕಾರಿಯನ್ನು ಮನಸ್ಸಿನಲ್ಲೇ ಬೈದೆ, ಬಾಯಿಗೆ ಬಂದದ್ದೆಲ್ಲ ಬೈದೆ. ಆದರೆ ಅವನು ಹೇಳಿದ್ದರಲ್ಲಿ ತಪ್ಪು ಎಲ್ಲಿದೆ? ಹತ್ತು ವರ್ಷ ನಾನು ಬರೆದದ್ದನ್ನು ಯಾರೂ ನಂಬಿರಲಿಲ್ಲ. ಚಪ್ಪಾಳೆ ತಟ್ಟಿದವರೂ, ಶಾಲು ಹೊದ್ದವರೂ ನಂಬಿರಲಿಲ್ಲ. ಆ ಮೂರು ಹಾಳೆಯಲ್ಲಿ ಒಂದೇ ಒಂದು ನಿಜ ಇತ್ತು, ಅದನ್ನೂ ನನ್ನ ಧೀಮಂತರೂ ಕೊಡುಗೈ ದಾನಿಗಳೂ ಸೇರಿ ಮುಳುಗಿಸಿಬಿಟ್ಟಿದ್ದರು. ಅಂದಿನಿಂದ ನಾನು ಸನ್ಮಾನ ಪತ್ರ ಬರೆದಿಲ್ಲ. ಅದೇನು ದೊಡ್ಡ ತ್ಯಾಗವಲ್ಲ. ಸಂಘಕ್ಕೆ ಬೇರೆಯವರು ಸಿಕ್ಕಿದರು, ಅವರ ಸ್ವರ ನನಗಿಂತ ಚೆನ್ನಾಗಿದೆ.

ಎರಡು ಸಾವಿರದ ಹದಿನೇಳರಲ್ಲಿ ಅಣ್ಣನ ಸಂಸಾರವೂ ದಡಕ್ಕೆ ಹೋಯಿತು. ಸೊಸೆ ಬಸುರಿ, ಕುಡಿಯುವ ನೀರಿಗೂ ದೋಣಿಯಲ್ಲಿ ಕೊಡ ತರಬೇಕು. ಅವರನ್ನು ಯಾರೂ ದೂರುವಂತಿರಲಿಲ್ಲ. ಉಳಿದಿದ್ದ ಕೊನೆಯ ಮನೆ ಅದು. ಆ ವಾರವೇ ಪೊರ್ಬುಗಳು ಸೋಮಾರಿ ಹೊಳೆಗೆ ರಾಜೀನಾಮೆ ಕೊಟ್ಟರು. ವೀಸಾ ಇನ್ನೂ ಒಂದೂವರೆ ವರ್ಷ ಇತ್ತು. ಹೋಟೆಲಿನವರು ಇರಿ ಎಂದು ಒತ್ತಾಯ ಮಾಡಿದರು.

ಹೊರಡುವ ಹಿಂದಿನ ಶುಕ್ರವಾರ ಕೊನೆಯ ಸಲ ಸಿಕ್ಕಿದೆವು. ಬೆರಳು ಅದ್ದಿದರು, ಗೆರೆ ಎಳೆದರು, ಕಡಲು ಸೇರಿಸಿದರು. ಮೇಜಿನ ಮೇಲೆ ಸುತ್ತಮುತ್ತ ನೋಡಿ, ಕೊನೆಗೆ ಇಡ್ಲಿಯ ಒಂದು ಚೂರು ಚಿವುಟಿ ಗೆರೆಗಳ ನಡುವೆ ಇಟ್ಟರು.

"ಯಾಕೆ ಹೋಗ್ತೀರಿ ಪೊರ್ಬುಗಳೇ? ಒಬ್ಬರೇ ಅಲ್ಲಿ ಏನು ಮಾಡ್ತೀರಿ?"

"ಇರ್ತೇನೆ."

"ಇದ್ದು?"

"ಇರುದೇ ಕೆಲಸ ಬಾಯೆ. ಕುದ್ರುವಿನಲ್ಲಿ ಜನ ಇಲ್ಲ ಅಂತ ಆದ್ರೆ ಅದು ಊರು ಅಲ್ಲ, ಬರೇ ಮರಳಿನ ದಿಬ್ಬ. ದಿಬ್ಬ ತೆಗೀಲಿಕ್ಕೆ ಪರವಾನಿಗೆ ಸಿಗ್ತದೆ. ಒಂದು ಮನೆಯಲ್ಲಿ ಒಬ್ಬ ಇದ್ರೂ ಅದು ಊರು." ಆಮೇಲೆ ಕಿಸೆಯಿಂದ ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದೆ ಇಟ್ಟರು. "ಒಂದು ಅರ್ಜಿ ಬರಿ. ನಾನು ಹೇಳಿದ ಹಾಗೆ ಬರೀಬೇಕು."

ನನ್ನ ಕೈ ಅಭ್ಯಾಸದಿಂದ "ಪವಿತ್ರ ನೇತ್ರಾವತಿಯ ಮಡಿಲಲ್ಲಿ" ಎಂದು ಸುರು ಮಾಡಿತ್ತು. ಅವರು ಬಗ್ಗಿ ಓದಿದರು.

"ಪವಿತ್ರ ಯಾಕೆ? ಹೊಡಿ. ಮಡಿಲು ಯಾಕೆ? ಹೊಳೆಗೆ ಮಡಿಲು ಉಂಟಾ? ಹೊಳೆಯಲ್ಲಿ ಅಂತ ಬರಿ."

ಹೀಗೆ ಒಂದೊಂದೇ ಶಬ್ದ ಹೊಡೆಸಿ, ಕೊನೆಗೆ ಉಳಿದದ್ದು ನಾಲ್ಕು ಸಾಲು. ನೇತ್ರಾವತಿ ಹೊಳೆಯಲ್ಲಿ ತಾರೆಕುದ್ರು ಇದೆ. ಅಲ್ಲಿ ಒಂದು ಮನೆಯಲ್ಲಿ ನಾನು ವಾಸವಾಗಿದ್ದೇನೆ. ಯಂತ್ರದ ದೋಣಿಗಳು ಕುದ್ರುವಿನ ಬುಡದ ಮರಳು ತೆಗೆಯುತ್ತಿವೆ. ಬಂದು ನೋಡಬೇಕಾಗಿ ಕೇಳಿಕೊಳ್ಳುತ್ತೇನೆ.

"ಇದು ಸರಿ ಆಯ್ತು. ಇನ್ನೊಂದು ಮಾತು, ನಾನು ಸತ್ರೆ ನೀನು ಬರೀಬೇಡ. ನೀನು ಬರೆದ್ರೆ ನಾನು ನೇತ್ರಾವತಿಯನ್ನೇ ತಲೆಯ ಮೇಲೆ ಹೊತ್ತವ ಆಗ್ತೇನೆ" ಎಂದು ನಕ್ಕು ಎದ್ದರು. ಬಾಗಿಲ ಹತ್ತಿರ ತಿರುಗಿ ವೇಟರಿಗೆ, "ಯಲ್ಲಾ, ಈಗ ಒರೆಸು" ಅಂದರು.

ಊರಿನಿಂದ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಮರುವಾಯಿ ಇಲ್ಲ, ಕಾಣೆ ಮೀನು ಅಪರೂಪ, ಕೆಂಪು ನೀರು ಮಾತ್ರ ಸಮಯಕ್ಕೆ ಬಂತು ಎಂದೆಲ್ಲ ವರದಿ. ಮೂವತ್ತು ವರ್ಷದ ಮೇಲೆ ಆದಿತ್ಯವಾರದ ಪೂಜೆ ಸಿಕ್ಕಿದೆ ಎಂದು ಖುಷಿ. ಬೆಳಿಗ್ಗೆ ದೋಣಿ ಹುಟ್ಟು ಹಾಕಿ ದಡದ ಇಗರ್ಜಿಗೆ ಹೋಗಿ, ಅಣ್ಣನ ಮನೆಯಲ್ಲಿ ಚಾ ಕುಡಿದು, ಹತ್ತು ಗಂಟೆಗೆ ವಾಪಸು. ಏಳೆಂಟು ತಿಂಗಳ ಮೇಲೆ ಅರ್ಜಿಗೆ ಉತ್ತರ ಬಂತು. ಫೋನಿನಲ್ಲಿ ಓದಿ ಹೇಳಿದರು. ಸ್ಥಳ ಪರಿಶೀಲನೆ ಮಾಡಲಾಯಿತು, ಮನೆಗೆ ಬೀಗ ಹಾಕಿತ್ತು, ಕುದ್ರುವಿನಲ್ಲಿ ಜನವಸತಿ ಕಂಡುಬರಲಿಲ್ಲ.

"ತಾರೀಕು ನೋಡಿದೆ ಬಾಯೆ. ಆದಿತ್ಯವಾರ. ಬೆಳಿಗ್ಗೆ ಎಂಟೂವರೆ."

ನಮ್ಮ ದೇಶದಲ್ಲಿ ಯಾವ ಸರ್ಕಾರಿ ಕಚೇರಿ ಆದಿತ್ಯವಾರ ಬೆಳಿಗ್ಗೆ ಎಂಟೂವರೆಗೆ ಕೆಲಸ ಮಾಡುತ್ತದೆ? ವಾರದ ಆರು ದಿನ ಕರೆದರೂ ಬಾರದವರು ಏಳನೆಯ ದಿನ ದೋಣಿ ಹತ್ತಿ ಬರುತ್ತಾರೆ, ಅದೂ ಒಬ್ಬ ಕ್ರೈಸ್ತ ಮನೆಯಲ್ಲಿರದ ಆ ಒಂದು ಗಂಟೆಯಲ್ಲಿ. ಅವರನ್ನು ದಾಟಿಸಿದ ದೋಣಿ ಯಾರದೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ನಾನು ಫೋನಿನಲ್ಲೇ ಕೂಗಾಡಿದೆ. ಪೊರ್ಬುಗಳು ಸಮಾಧಾನ ಮಾಡಿದರು. ಪುನಃ ಅರ್ಜಿ ಕೊಟ್ಟಿದ್ದೇನೆ, ಯಾವ ದಿನವಾದರೂ ಬರುತ್ತೇವೆ, ಮನೆಯಲ್ಲಿರಿ ಅಂದಿದ್ದಾರೆ ಎಂದರು.

ಆಮೇಲೆ ಅವರು ಮನೆಯಲ್ಲೇ ಇದ್ದರು. ಪೂಜೆಗೆ ಹೋಗಲಿಲ್ಲ. ಸೊಸೆಯ ಮಗುವಿನ ಮೊದಲ ಹುಟ್ಟುಹಬ್ಬಕ್ಕೂ ಹೋಗಲಿಲ್ಲ, ಮಗುವನ್ನೇ ದೋಣಿಯಲ್ಲಿ ತಂದು ತೋರಿಸಿದರು. ಪಾದ್ರಿಯವರು ಬಂದು ಬುದ್ಧಿ ಹೇಳಿದರೂ ಕೇಳಲಿಲ್ಲ. ಎದೆಯಲ್ಲಿ ಹಿಡಿದ ಹಾಗಾಗುತ್ತದೆ ಎಂದು ನನ್ನ ಹತ್ತಿರ ಎರಡು ಸಲ ಹೇಳಿದರು. ಆಸ್ಪತ್ರೆಗೆ ಹೋಗಿ ಎಂದು ಬೇಡಿಕೊಂಡೆ. "ಹೋಗ್ತೇನೆ ಬಾಯೆ. ಅವ್ರು ಬಂದು ಹೋಗ್ಲಿ." ಎರಡು ಸಾವಿರದ ಹತ್ತೊಂಬತ್ತರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಜಗಲಿಯ ಕುರ್ಚಿಯಲ್ಲಿ, ಹೊಳೆಯ ಕಡೆ ಮುಖ ಮಾಡಿ ಕೂತಲ್ಲೇ ತೀರಿಕೊಂಡಿದ್ದರು. ಮಧ್ಯಾಹ್ನದ ಊಟ ತಂದ ಅಣ್ಣ ನೋಡಿದ್ದು.

ಅಣ್ಣ ಫೋನ್ ಮಾಡಿ ಎಲ್ಲ ಹೇಳಿದರು. ಮನೆಯ ದೋಣಿಯಲ್ಲಿ ಶವಪೆಟ್ಟಿಗೆ ಹಿಡಿಸಲಿಲ್ಲವಂತೆ. ಕೊನೆಗೆ ಸಿಕ್ಕಿದ್ದು ಮರಳಿನ ದೋಣಿ. ಅದರಲ್ಲಿದ್ದ ಒದ್ದೆ ಮರಳಿನ ಮೇಲೆಯೇ ಪೆಟ್ಟಿಗೆ ಇಟ್ಟು ದಡಕ್ಕೆ ತಂದರಂತೆ. ಧಣಿ ಒಂದು ದೊಡ್ಡ ಹಾರ ಕಳಿಸಿದ್ದರಂತೆ.

ಏನಾದರೂ ಕೇಳಬೇಕಲ್ಲ ಎಂದು, ಈಗ ಮನೆ ಏನು ಮಾಡಿದಿರಿ, ಬೀಗ ಹಾಕಿದಿರಾ ಎಂದು ಕೇಳಿದೆ.

"ಇಲ್ಲ ಬಾಯೆ" ಅಂದರು. "ಬಾಗಿಲು ತೆಗ್ದೇ ಇಟ್ಟಿದ್ದೇವೆ. ಅವ ಇನ್ನೂ ಅವ್ರನ್ನು ಕಾಯ್ತಾ ಇದ್ದ ಅಲ್ವಾ. ಅವನ ಕುರ್ಚಿಯೂ ಅಲ್ಲೇ ಉಂಟು. ಬೆಳಿಗ್ಗೆ ಬೆಳಿಗ್ಗೆ ನಾನೇ ಹೋಗಿ ಕೂತ್ಕೊಳ್ತೇನೆ. ಆದಿತ್ಯವಾರವೂ."